ಒಂದೇ ಹೆಸರಿನ ಕೋರ್ಸು ಐದು ವಿಭಾಗಗಳಲ್ಲಿ: ಆಯ್ಕೆ ಹೇಗೆ?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಮೊದಲ ವರ್ಷ ಮುಗಿಸಿದ್ದೇನೆ. ಮುಂದಿನ ವರ್ಷ ಸಂಖ್ಯಾಶಾಸ್ತ್ರದ ಒಂದು ಕೋರ್ಸು ಕಡ್ಡಾಯ. ಆದರೆ ಕೋರ್ಸುಗಳ ಪಟ್ಟಿಯಲ್ಲಿ ನೋಡಿದರೆ ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಮನೋವಿಜ್ಞಾನ, ಜೀವವಿಜ್ಞಾನ ಹೀಗೆ ಐದು ವಿಭಾಗಗಳಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಕೋರ್ಸುಗಳಿವೆ. ಇವೆಲ್ಲ ಒಂದೇ ಆಗಿದ್ದರೆ ಐದು ಕಡೆ ಕಲಿಸುವುದೇಕೆ? ಬೇರೆಯಾಗಿದ್ದರೆ ನಾನು ಯಾವುದನ್ನು ಆರಿಸಿಕೊಳ್ಳಬೇಕು? ಮನೋವಿಜ್ಞಾನದವರ ಕೋರ್ಸು ಸುಲಭವೆಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಇಷ್ಟು ದೊಡ್ಡ ಪಟ್ಟಿಯನ್ನು ಓದುವ ಕ್ರಮವನ್ನೂ ದಯವಿಟ್ಟು ತಿಳಿಸಿ.

ಉತ್ತರ: ಮೊದಲು ನೇರ ಉತ್ತರವನ್ನೇ ಕೊಟ್ಟುಬಿಡುತ್ತೇನೆ. ಅವು ಒಂದೇ ಅಲ್ಲ. ಸರಾಸರಿ, ವಿಚಲನೆ, ಸಂಭವನೀಯತೆಯ ಮೂಲ ನಿಯಮಗಳು ಬರುವ ಮೊದಲ ಕೆಲವು ವಾರಗಳ ಪಾಠ ಐದೂ ಕಡೆ ಒಂದೇ ರೀತಿ ಕಾಣಬಹುದು. ಆಮೇಲೆ ದಾರಿಗಳು ಕವಲೊಡೆಯುತ್ತವೆ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಐದು ತರಗತಿಗಳ ವಿದ್ಯಾರ್ಥಿಗಳು ಐದು ಬೇರೆ ಬೇರೆ ಕೆಲಸಗಳನ್ನು ಕಲಿತಿರುತ್ತಾರೆ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಗಣಿತದ ತಯಾರಿ ಸಾಕಷ್ಟಿದ್ದಲ್ಲಿ ಸಂಖ್ಯಾಶಾಸ್ತ್ರ ವಿಭಾಗದ ಕೋರ್ಸನ್ನೂ, ಇಲ್ಲದಿದ್ದಲ್ಲಿ ನಿಮ್ಮದೇ ಅರ್ಥಶಾಸ್ತ್ರ ವಿಭಾಗದ ಕೋರ್ಸನ್ನೂ ತೆಗೆದುಕೊಳ್ಳುವುದು ಒಳ್ಳೆಯದು. ಏಕೆ ಎಂಬುದಕ್ಕೆ ವಿಭಾಗಗಳು ತಮ್ಮ ಕೋರ್ಸುಗಳನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಎರಡು ಗುಂಪುಗಳ ಸರಾಸರಿಗಳ ನಡುವೆ ಕಾಣುವ ವ್ಯತ್ಯಾಸವನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಬಹುದೇ ಎಂದು ನೋಡುವ ಟಿ-ಪರೀಕ್ಷೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಐದೂ ಕೋರ್ಸುಗಳಲ್ಲಿ ಅದು ಬಂದೇ ಬರುತ್ತದೆ. ಗಣಿತ ವಿಭಾಗದಲ್ಲಿ ಅಧ್ಯಾಪಕರು ಟಿ-ವಿತರಣೆಯ ಸೂತ್ರವನ್ನು ಮೊದಲಿನಿಂದ ಸಾಧಿಸಿ ತೋರಿಸುತ್ತಾರೆ, ಪರೀಕ್ಷೆಯಲ್ಲಿಯೂ ಆ ಸಾಧನೆಯನ್ನೇ ಕೇಳುತ್ತಾರೆ. ಅಂಕಿಅಂಶಗಳ ಒಂದು ಕೋಷ್ಟಕವನ್ನೂ ನೋಡದೆ ಇಡೀ ಸೆಮಿಸ್ಟರ್ ಕಳೆದುಹೋಗುವುದುಂಟು. ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಸಾಧನೆ ಸ್ವಲ್ಪ ಚಿಕ್ಕದಾಗುತ್ತದೆ, ಅದರ ಬದಲು ಈ ಪರೀಕ್ಷೆ ಯಾವ ಷರತ್ತುಗಳಲ್ಲಿ ನಂಬಲರ್ಹ, ಆ ಷರತ್ತುಗಳು ಮುರಿದಾಗ ಎಷ್ಟರ ಮಟ್ಟಿಗೆ ಹಾದಿ ತಪ್ಪಿಸುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಅನುಕರಿಸಿ ತೋರಿಸುತ್ತಾರೆ. ಮನೋವಿಜ್ಞಾನದ ತರಗತಿಯಲ್ಲಿ ಒಂದು ಗುಂಪಿಗೆ ಪದಗಳ ಪಟ್ಟಿಯನ್ನು ಮೌನವಾಗಿಯೂ ಇನ್ನೊಂದಕ್ಕೆ ಗಟ್ಟಿಯಾಗಿಯೂ ಓದಿಸಿ, ಯಾರಿಗೆ ಎಷ್ಟು ಪದ ನೆನಪಿನಲ್ಲಿ ಉಳಿಯಿತು ಎಂದು ಎಣಿಸುತ್ತಾರೆ. ಅಲ್ಲಿ ಕಲಿಯುವುದು ಮುಖ್ಯವಾಗಿ ಪ್ರಯೋಗದ ವಿನ್ಯಾಸವನ್ನು: ಯಾರನ್ನು ಯಾವ ಗುಂಪಿಗೆ ಹಾಕಬೇಕು, ಎಷ್ಟು ಜನ ಬೇಕು, ಫಲಿತಾಂಶವನ್ನು ವರದಿಯಲ್ಲಿ ಹೇಗೆ ಬರೆಯಬೇಕು. ಜೀವವಿಜ್ಞಾನದವರಿಗೆ ಸಣ್ಣ ಮಾದರಿಗಳ ಮತ್ತು ಎಣಿಕೆಗಳ ಚಿಂತೆ ಹೆಚ್ಚು. ಹನ್ನೆರಡು ಗಿಡಗಳಲ್ಲಿ ಮೂರು ನಡುವೆಯೇ ಸತ್ತುಹೋದರೆ ಉಳಿದ ಒಂಬತ್ತರಿಂದ ಏನನ್ನು ಹೇಳಬಹುದು ಎಂಬುದು ಅವರ ಪ್ರಶ್ನೆ.

ಅರ್ಥಶಾಸ್ತ್ರದ ಕಷ್ಟವೇ ಬೇರೆ. ಅಲ್ಲಿ ಪ್ರಯೋಗ ಮಾಡುವ ಅವಕಾಶ ಕಡಿಮೆ. ಒಂದು ಗುಂಪಿನ ಮಕ್ಕಳಿಗೆ ಹತ್ತು ವರ್ಷ, ಇನ್ನೊಂದು ಗುಂಪಿಗೆ ಐದೇ ವರ್ಷ ಶಾಲೆ ಎಂದು ಸಂಶೋಧಕರು ತೀರ್ಮಾನಿಸುವಂತಿಲ್ಲ. ಹೆಚ್ಚು ಓದಿದವರ ಸಂಬಳ ಹೆಚ್ಚಿರುವುದು ಅಂಕಿಅಂಶಗಳಲ್ಲಿ ಕಾಣುತ್ತದೆ, ಸರಿ. ಆದರೆ ಅದು ಓದಿನ ಫಲವೋ, ಅಥವಾ ಓದಿಗೂ ಸಂಬಳಕ್ಕೂ ಎರಡಕ್ಕೂ ಕಾರಣವಾದ ಮನೆಯ ಅನುಕೂಲತೆಯ ಫಲವೋ? ಈ ಗಂಟನ್ನು ಬಿಡಿಸುವುದೇ ಅರ್ಥಮಿತಿಯ (ಎಕನಾಮೆಟ್ರಿಕ್ಸ್) ಮುಖ್ಯ ಕಸುಬು. ಹಾಗಾಗಿ ಅರ್ಥಶಾಸ್ತ್ರ ವಿಭಾಗದ ಸಂಖ್ಯಾಶಾಸ್ತ್ರದ ಕೋರ್ಸು ಟಿ-ಪರೀಕ್ಷೆಯನ್ನು ಬೇಗ ಮುಗಿಸಿ ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ರಿಗ್ರೆಷನ್ ಕಡೆಗೆ ಧಾವಿಸುತ್ತದೆ, ಏಕೆಂದರೆ ಮುಂದಿನ ಸೆಮಿಸ್ಟರಿನ ಅರ್ಥಮಿತಿಯ ಅಧ್ಯಾಪಕರು ಅಲ್ಲಿಂದಲೇ ಪಾಠ ಆರಂಭಿಸುತ್ತಾರೆ. ಒಂದು ಕೋರ್ಸಿನ ಆಕಾರವನ್ನು ಅದರ ಹೆಸರಿಗಿಂತ ಹೆಚ್ಚಾಗಿ ಅದರ ನಂತರ ಬರುವ ಕೋರ್ಸು ನಿರ್ಧರಿಸುತ್ತದೆ. ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರದ ತಿರುಳು ಇದೇ. ಮುಂದೆ ಹೇಳುವುದೆಲ್ಲ ಇದರ ವಿಸ್ತರಣೆ.

ಇನ್ನು ಐದು ಕಡೆ ಏಕೆ ಎಂಬ ಪ್ರಶ್ನೆ. ಒಂದು ಕಾರಣ ಚರಿತ್ರೆಯಲ್ಲಿದೆ. ಸಂಖ್ಯಾಶಾಸ್ತ್ರಕ್ಕೆ ತನ್ನದೇ ಆದ ಮನೆ ಸಿಕ್ಕಿದ್ದು ತಡವಾಗಿ. ಕಾರ್ಲ್ ಪಿಯರ್‌ಸನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಕ್ಕೇ ಮೀಸಲಾದ ವಿಭಾಗವನ್ನು ಸ್ಥಾಪಿಸಿದ್ದು 1911ರಲ್ಲಿ. ಅದಕ್ಕೂ ಮೊದಲೇ, 1908ರಲ್ಲಿ, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ಸಣ್ಣ ಮಾದರಿಗಳ ಸಮಸ್ಯೆಯನ್ನು ಬಿಡಿಸುತ್ತ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನದಿಂದಲೇ ಮೇಲೆ ಹೇಳಿದ ಟಿ-ಪರೀಕ್ಷೆ ಬಂದದ್ದು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1919ರಲ್ಲಿ ಸೇರಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು. ಪ್ರಯೋಗ ವಿನ್ಯಾಸದ ಅವರ ವಿಧಾನಗಳು ಬೆಳೆದದ್ದು ಗೊಬ್ಬರ ಹಾಕಿದ ಹೊಲಗಳಲ್ಲಿ. ಇಂದು ಮನೋವಿಜ್ಞಾನದ ವಿದ್ಯಾರ್ಥಿ ತನ್ನ ಪ್ರಯೋಗದಲ್ಲಿ ‘ಬ್ಲಾಕ್’, ‘ಸ್ಪ್ಲಿಟ್ ಪ್ಲಾಟ್’ ಎಂದು ಬರೆಯುವಾಗ ಅವು ಒಂದು ಕಾಲಕ್ಕೆ ನಿಜವಾಗಿಯೂ ಹೊಲದ ತುಂಡುಗಳಾಗಿದ್ದವು ಎಂಬುದು ಅವನಿಗೆ ತಿಳಿದಿರುವುದಿಲ್ಲ. ವಿದ್ಯೆ ಮೊದಲು ಹುಟ್ಟಿ ವಿಭಾಗ ಆಮೇಲೆ ಬಂದಾಗ, ಅಷ್ಟರಲ್ಲಿ ಆ ವಿದ್ಯೆಯನ್ನು ಬಳಸಲು ಶುರುಮಾಡಿದ್ದ ವಿಭಾಗಗಳು ತಮ್ಮ ಪಾಲನ್ನು ಬಿಟ್ಟುಕೊಡುವುದಿಲ್ಲ. ತರ್ಕಶಾಸ್ತ್ರಕ್ಕೂ ಇದೇ ಸ್ಥಿತಿ: ತತ್ತ್ವಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ, ಭಾಷಾವಿಜ್ಞಾನ ನಾಲ್ಕೂ ಅದನ್ನು ತಮ್ಮದೆನ್ನುತ್ತವೆ.

ಇನ್ನೊಂದು ಕಾರಣವನ್ನು ಯಾವ ಪಟ್ಟಿಯೂ ಬರೆದು ತಿಳಿಸುವುದಿಲ್ಲ. ಪಠ್ಯಕ್ರಮ ಸಮಿತಿಗಳಲ್ಲಿ ಬಹಳ ವರ್ಷ ಕುಳಿತವನಾಗಿ ಹೇಳುತ್ತೇನೆ: ಒಂದು ವಿಭಾಗ ಎಷ್ಟು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತದೆ ಎಂಬುದರ ಮೇಲೆ ಅದಕ್ಕೆ ಸಿಗುವ ಅಧ್ಯಾಪಕರ ಹುದ್ದೆಗಳೂ ಹಣವೂ ಅನೇಕ ವಿಶ್ವವಿದ್ಯಾಲಯಗಳಲ್ಲಿ ಅವಲಂಬಿಸಿರುತ್ತವೆ. ತನ್ನ ಮುನ್ನೂರು ವಿದ್ಯಾರ್ಥಿಗಳನ್ನು ಸಂಖ್ಯಾಶಾಸ್ತ್ರಕ್ಕಾಗಿ ಬೇರೆ ವಿಭಾಗಕ್ಕೆ ಕಳುಹಿಸಿದರೆ ಅಷ್ಟು ಬೋಧನೆಯ ಲೆಕ್ಕ ಆ ವಿಭಾಗದ ಖಾತೆಗೆ ಹೋಗುತ್ತದೆ. ಹಾಗಾಗಿ ‘ನಮ್ಮ ವಿದ್ಯಾರ್ಥಿಗಳಿಗೆ ನಮ್ಮದೇ ರೀತಿಯಲ್ಲಿ ಕಲಿಸಬೇಕು’ ಎಂಬ ವಾದ ಸಭೆಯಲ್ಲಿ ಮುಂದೆ ಬರುತ್ತದೆ. ಆ ವಾದ ಪೂರ್ತಿ ನೆಪವೂ ಅಲ್ಲ, ಪೂರ್ತಿ ನಿಸ್ವಾರ್ಥವೂ ಅಲ್ಲ. ಎದುರು ದಿಕ್ಕಿನ ತೊಂದರೆಯೂ ಉಂಟು. ಬೇರೆ ವಿಭಾಗಗಳ ವಿದ್ಯಾರ್ಥಿಗಳಿಗೆಂದೇ ನಡೆಸುವ ಕೋರ್ಸನ್ನು ಕೆಲವು ವಿಭಾಗಗಳು ಹೊರೆಯೆಂದು ಭಾವಿಸಿ, ಹೊಸದಾಗಿ ಸೇರಿದ ಅಧ್ಯಾಪಕರ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುತ್ತವೆ. ಯಾರು ಕಲಿಸುತ್ತಾರೆ, ಆ ಕೋರ್ಸಿನಲ್ಲಿ ಯಾವ ವಿಭಾಗದ ವಿದ್ಯಾರ್ಥಿಗಳು ಹೆಚ್ಚು ಎಂಬ ಎರಡು ಸಂಗತಿಗಳನ್ನು ವಿಚಾರಿಸಿಕೊಂಡರೆ ಇದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ವಿಭಾಗ ಬದಲಾದಾಗ ಸಂಕೇತಗಳೂ ಬದಲಾಗುತ್ತವೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಬುದ್ಧಿವಂತ ವಿದ್ಯಾರ್ಥಿಗಳೂ ಎಡವುವುದು ಇಲ್ಲಿ. ಉಷ್ಣಗತಿ ವಿಜ್ಞಾನದ ಮೊದಲನೆಯ ನಿಯಮವನ್ನು ನೋಡಿ. ಒಂದು ಅನಿಲಕ್ಕೆ 100 ಜೂಲ್ ಶಾಖ ಕೊಟ್ಟಾಗ ಅದು ಹಿಗ್ಗಿ ಕೊಂತವನ್ನು (ಪಿಸ್ಟನ್) ತಳ್ಳಿ 40 ಜೂಲ್ ಕೆಲಸ ಮಾಡಿತು ಎನ್ನೋಣ. ಎಂಜಿನಿಯರಿಂಗ್ ವಿಭಾಗದಲ್ಲಿ ಯಂತ್ರ ಹೊರಗೆ ಕೊಡುವ ಕೆಲಸವೇ ಮುಖ್ಯವಾದ್ದರಿಂದ ಅದನ್ನು ಧನಾತ್ಮಕವೆಂದು ಎಣಿಸಿ, ಶಾಖದಿಂದ ಕೆಲಸವನ್ನು ಕಳೆದು ಅನಿಲದ ಆಂತರಿಕ ಶಕ್ತಿಯ ಹೆಚ್ಚಳ 60 ಎಂದು ಬರೆಯುತ್ತಾರೆ. ರಸಾಯನಶಾಸ್ತ್ರ ವಿಭಾಗದಲ್ಲಿ ವ್ಯವಸ್ಥೆಯ ಒಳಕ್ಕೆ ಬರುವುದೆಲ್ಲ ಧನಾತ್ಮಕ, ಆದ್ದರಿಂದ ಅದೇ ಕೆಲಸ ಋಣ 40 ಆಗುತ್ತದೆ, ಸೂತ್ರದಲ್ಲಿ ಕೂಡಿಸುವ ಚಿಹ್ನೆ ಇರುತ್ತದೆ, ಉತ್ತರ ಮತ್ತೆ 60. ಎರಡೂ ಸರಿ. ಒಂದು ವಿಭಾಗದಲ್ಲಿ ಕಲಿತ ಸೂತ್ರಕ್ಕೆ ಇನ್ನೊಂದು ವಿಭಾಗದ ಚಿಹ್ನೆಯನ್ನು ಹಾಕಿದರೆ ಮಾತ್ರ 140 ಬರುತ್ತದೆ. ಋಣ ಒಂದರ ವರ್ಗಮೂಲಕ್ಕೆ ಗಣಿತದವರು ‘ಐ’ ಎಂದರೆ ವಿದ್ಯುತ್ ಎಂಜಿನಿಯರುಗಳು ‘ಜೆ’ ಎನ್ನುತ್ತಾರೆ, ಏಕೆಂದರೆ ‘ಐ’ ಅವರಲ್ಲಿ ಆಗಲೇ ವಿದ್ಯುತ್ ಪ್ರವಾಹಕ್ಕೆ ಮೀಸಲು. ಗೋಳೀಯ ನಿರ್ದೇಶಾಂಕಗಳಲ್ಲಿ ಥೀಟಾ ಮತ್ತು ಫೈ ಎಂಬ ಎರಡು ಕೋನಗಳನ್ನು ಗಣಿತದ ಅನೇಕ ಪಠ್ಯಪುಸ್ತಕಗಳು ಭೌತಶಾಸ್ತ್ರದವರಿಗೆ ಅದಲುಬದಲಾಗಿ ಬಳಸುತ್ತವೆ. ಬೇರೆ ವಿಭಾಗದ ಕೋರ್ಸಿಗೆ ಹೋಗುವವರು ಮೊದಲ ವಾರದಲ್ಲೇ ಇಂಥ ಸಂಕೇತಗಳ ಒಂದು ಪುಟವನ್ನು ತಮ್ಮ ಟಿಪ್ಪಣಿ ಪುಸ್ತಕದ ಆರಂಭದಲ್ಲಿ ಬರೆದಿಟ್ಟುಕೊಳ್ಳಬೇಕು.

ಈಗ ಪಟ್ಟಿಯನ್ನು ಓದುವ ಕ್ರಮಕ್ಕೆ ಬರೋಣ. ಕೋರ್ಸಿನ ಸಂಕೇತ ಸಂಖ್ಯೆ ಮೊದಲು ಕಣ್ಣಿಗೆ ಬೀಳುವುದರಿಂದ ಅದಕ್ಕೆ ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಡುವವರಿದ್ದಾರೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ 100ರ ಸಾಲಿನವು ಪ್ರವೇಶ ಹಂತದವು, 400ರ ಸಾಲಿನವು ಕೊನೆಯ ವರ್ಷದವು, ಅದರಾಚೆಗಿನವು ಸ್ನಾತಕೋತ್ತರ ಹಂತದವು ಎಂಬ ರೂಢಿ ಇದೆ. ಆದರೆ ಅಲ್ಲಿನದೇ ಎಂಐಟಿಯಲ್ಲಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ವಿಭಾಗಗಳಿಗೇ ಸಂಖ್ಯೆಗಳು: 18 ಎಂದರೆ ಗಣಿತ, 8 ಎಂದರೆ ಭೌತಶಾಸ್ತ್ರ, 18.06 ಎಂದರೆ ರೇಖೀಯ ಬೀಜಗಣಿತ. ಆದ್ದರಿಂದ ನಿಮ್ಮ ವಿಶ್ವವಿದ್ಯಾಲಯದ ಸಂಖ್ಯಾಕ್ರಮದ ವಿವರಣೆ ಪಟ್ಟಿಯ ಆರಂಭದ ಪುಟಗಳಲ್ಲಿ ಎಲ್ಲಿದೆಯೋ ಅದನ್ನು ಒಮ್ಮೆ ಓದಿದರೆ ಸಾಕು.

ಕ್ರೆಡಿಟ್ ವಿಷಯದಲ್ಲಿ ಮಾತ್ರ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಯುರೋಪಿನ ವ್ಯವಸ್ಥೆಯಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ಒಟ್ಟು ದುಡಿಮೆ. ತರಗತಿಯಲ್ಲಿ ಕೂರುವುದು, ಮನೆಯಲ್ಲಿ ಓದುವುದು, ಪರೀಕ್ಷೆಗೆ ತಯಾರಾಗುವುದು ಎಲ್ಲವೂ ಇದರಲ್ಲಿ ಸೇರಿರುತ್ತದೆ. ಅಂದರೆ 6 ಕ್ರೆಡಿಟ್ಟಿನ ಕೋರ್ಸು 150ರಿಂದ 180 ಗಂಟೆಗಳನ್ನು ಕೇಳುತ್ತದೆ. ಇಂಗ್ಲೆಂಡಿನಲ್ಲಿ ಒಂದು ವರ್ಷಕ್ಕೆ 120 ಕ್ರೆಡಿಟ್. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷಗಳ ಇಡೀ ಪದವಿಗೇ 120. ಅಂಕಿ ಒಂದೇ, ಅರ್ಥ ನಾಲ್ಕು ಪಟ್ಟು ಬೇರೆ. ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಒಂದು ಸೆಮಿಸ್ಟರಿನ ಮಟ್ಟಿಗೆ ಹೋಗಿ ಬರುವ ಯೋಚನೆ ಇದ್ದರೆ ಈ ಪರಿವರ್ತನೆಯನ್ನು ಹೊರಡುವ ಮೊದಲೇ ಲಿಖಿತವಾಗಿ ಒಪ್ಪಿಸಿಕೊಳ್ಳಬೇಕು.

ಪಟ್ಟಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ಸಾಲು ಪೂರ್ವಾರ್ಹತೆಯದು, ಅಂದರೆ ಈ ಕೋರ್ಸಿಗೆ ಮೊದಲು ಯಾವುದನ್ನು ಮುಗಿಸಿರಬೇಕು ಎಂಬುದು. ವಿದ್ಯಾರ್ಥಿಗಳು ಇದನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ: ಈ ಸೆಮಿಸ್ಟರಿನಲ್ಲಿ ನಾನು ಯಾವುದಕ್ಕೆ ಅರ್ಹ ಎಂದು. ಓದಬೇಕಾದದ್ದು ತುದಿಯಿಂದ ಬುಡಕ್ಕೆ. ಒಂದು ಖಾಲಿ ಹಾಳೆಯ ಬಲತುದಿಯಲ್ಲಿ ಕೊನೆಯ ವರ್ಷದಲ್ಲಿ ನೀವು ಓದಬಯಸುವ ಎರಡು ಅಥವಾ ಮೂರು ಕೋರ್ಸುಗಳನ್ನು ಬರೆಯಿರಿ. ಪ್ರತಿಯೊಂದರ ಎಡಕ್ಕೆ ಅದರ ಪೂರ್ವಾರ್ಹತೆ, ಅದರ ಎಡಕ್ಕೆ ಅದರದ್ದು, ಹೀಗೆ ಇಂದಿನ ಸೆಮಿಸ್ಟರಿನವರೆಗೆ ಬನ್ನಿ. ಅರ್ಥಶಾಸ್ತ್ರದಲ್ಲಿ ಈ ಸರಪಳಿ ಅನೇಕ ಕಡೆ ಹೀಗಿರುತ್ತದೆ: ಮುಂದುವರಿದ ಅರ್ಥಮಿತಿಗೆ ಅರ್ಥಮಿತಿ, ಅದಕ್ಕೆ ಸಂಖ್ಯಾಶಾಸ್ತ್ರ, ಸಂಖ್ಯಾಶಾಸ್ತ್ರಕ್ಕೆ ಕಲನಶಾಸ್ತ್ರ. ಒಟ್ಟು ನಾಲ್ಕು ಕೊಂಡಿಗಳು. ಇವುಗಳಲ್ಲಿ ಒಂದನ್ನು ವರ್ಷಕ್ಕೊಮ್ಮೆ ಮಾತ್ರ ನಡೆಸುವುದಾದರೆ, ಆ ಒಂದು ಸೆಮಿಸ್ಟರ್ ತಪ್ಪಿದವರು ಕಳೆದುಕೊಳ್ಳುವುದು ಪೂರ್ತಿ ಒಂದು ವರ್ಷವನ್ನು. ನನ್ನ ಬಳಿ ಸಲಹೆಗೆಂದು ಬಂದ ಒಬ್ಬ ವಿದ್ಯಾರ್ಥಿನಿ ಮೂರನೆಯ ವರ್ಷದಲ್ಲಿ ಈ ಹಾಳೆಯನ್ನು ಮೊದಲ ಸಲ ಬರೆದಳು. ಎರಡನೆಯ ವರ್ಷದಲ್ಲಿ ಬಿಟ್ಟುಬಿಟ್ಟ ಕಲನಶಾಸ್ತ್ರ ಮೂರು ಬಾಣಗಳ ಬುಡದಲ್ಲಿ ಕುಳಿತಿರುವುದು ಆಗ ಕಂಡಿತು. ಅವಳು ಪದವಿ ಮುಗಿಸಿದಳು, ಆದರೆ ಬಯಸಿದ ಕೋರ್ಸುಗಳಿಲ್ಲದೆ.

ಪಟ್ಟಿ ಬೇರೆ, ವೇಳಾಪಟ್ಟಿ ಬೇರೆ ಎಂಬುದೂ ಇಲ್ಲಿಯೇ ಸೇರುವ ಮಾತು. ಪಟ್ಟಿಯಲ್ಲಿರುವುದು ಕಲಿಸಲು ಅನುಮತಿ ಪಡೆದ ಕೋರ್ಸುಗಳು. ಅವೆಲ್ಲ ಪ್ರತಿವರ್ಷ ನಡೆಯುತ್ತವೆಂದು ಅರ್ಥವಲ್ಲ. ಒಬ್ಬ ಪ್ರಾಧ್ಯಾಪಕರು ಆಸೆಯಿಂದ ರೂಪಿಸಿದ ಕೋರ್ಸು, ಅವರು ನಿವೃತ್ತರಾಗಿ ಹಲವು ವರ್ಷ ಕಳೆದರೂ ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಅದನ್ನು ತೆಗೆದುಹಾಕಲು ಮತ್ತೊಂದು ಸಭೆ, ಮತ್ತೊಂದು ನಿರ್ಣಯ ಬೇಕು. ಅಷ್ಟು ಶ್ರಮ ಯಾರೂ ತೆಗೆದುಕೊಳ್ಳುವುದಿಲ್ಲ. ಕಳೆದ ಮೂರು ವರ್ಷಗಳ ವೇಳಾಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಜೀವಂತವಾಗಿರುವ ಕೋರ್ಸುಗಳು ಯಾವುವು, ಹೆಸರಿಗಷ್ಟೇ ಇರುವವು ಯಾವುವು ಎಂದು ತಿಳಿಯುತ್ತದೆ.

ಕಡ್ಡಾಯ ಮತ್ತು ಐಚ್ಛಿಕಗಳ ನಡುವಿನ ಗೋಡೆಗಳು ನಿಮಗೆ ಕಿರಿಕಿರಿಯೆನಿಸಬಹುದು. ಅವು ಎದ್ದ ಬಗೆ ಸ್ವಾರಸ್ಯಕರವಾದದ್ದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ 1869ರಿಂದ 1909ರವರೆಗೆ ಇದ್ದ ಚಾರ್ಲ್ಸ್ ಎಲಿಯಟ್ ಕಡ್ಡಾಯ ಕೋರ್ಸುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತ ಬಂದರು; 1890ರ ದಶಕದ ಕೊನೆಗೆ ಕಡ್ಡಾಯವೆಂದು ಉಳಿದಿದ್ದುದು ಬಹುಮಟ್ಟಿಗೆ ಮೊದಲ ವರ್ಷದ ಇಂಗ್ಲಿಷ್ ಬರವಣಿಗೆ ಮಾತ್ರ. ಆಯ್ಕೆಯ ಸ್ವಾತಂತ್ರ್ಯ ಸಿಕ್ಕ ವಿದ್ಯಾರ್ಥಿಗಳಲ್ಲಿ ಅನೇಕರು ಯಾವ ವಿಷಯದಲ್ಲೂ ಪ್ರವೇಶ ಹಂತವನ್ನು ದಾಟದೆ ಪದವಿ ಪಡೆದರು. ಎಲಿಯಟ್ ನಂತರ ಅಧ್ಯಕ್ಷರಾಗಿ ಬಂದ ಲಾರೆನ್ಸ್ ಲೊವೆಲ್ ಒಂದು ಕ್ಷೇತ್ರದಲ್ಲಿ ಆಳ, ಉಳಿದ ಕ್ಷೇತ್ರಗಳಲ್ಲಿ ಒಂದಿಷ್ಟು ಹರವು ಎಂಬ ನಿಯಮ ತಂದರು. ಇಂದು ಬಹಳಷ್ಟು ಕಡೆ ಕಾಣುವ ಮುಖ್ಯ ವಿಷಯ ಮತ್ತು ಹಂಚಿಕೆಯ ಕೋರ್ಸುಗಳ ವ್ಯವಸ್ಥೆಗೆ ಅದೇ ಮಾದರಿ. ಇಂಗ್ಲೆಂಡಿನಲ್ಲಾದರೋ ವಿದ್ಯಾರ್ಥಿ ಅರ್ಜಿ ಹಾಕುವಾಗಲೇ ವಿಷಯವನ್ನು ಆರಿಸಿಕೊಂಡು ಮೂರು ವರ್ಷಗಳ ಹೆಚ್ಚಿನ ಭಾಗವನ್ನು ಒಂದೇ ವಿಭಾಗದಲ್ಲಿ ಕಳೆಯುತ್ತಾನೆ. ಅಲ್ಲಿ ನಿಮ್ಮ ಪ್ರಶ್ನೆ ಹುಟ್ಟುವ ಸಂಭವವೇ ಕಡಿಮೆ.

ಒಂದು ಕೋರ್ಸಿನ ಬದಲು ಇನ್ನೊಂದನ್ನು ಒಪ್ಪಿಕೊಳ್ಳುವ ವಿಚಾರಕ್ಕೆ ಬರುತ್ತೇನೆ, ನಿಮ್ಮ ಆಯ್ಕೆ ನಿಂತಿರುವುದು ಇದರ ಮೇಲೆ. ಈ ಬದಲಾವಣೆ ಬಹುಮಟ್ಟಿಗೆ ಒಮ್ಮುಖವಾದದ್ದು. ಸಂಖ್ಯಾಶಾಸ್ತ್ರ ವಿಭಾಗದ ಕೋರ್ಸನ್ನು ಮುಗಿಸಿದವರನ್ನು ಮನೋವಿಜ್ಞಾನ, ಜೀವವಿಜ್ಞಾನ, ಅರ್ಥಶಾಸ್ತ್ರ ವಿಭಾಗಗಳು ಸಾಮಾನ್ಯವಾಗಿ ತಕರಾರಿಲ್ಲದೆ ಮುಂದಿನ ಕೋರ್ಸಿಗೆ ಸೇರಿಸಿಕೊಳ್ಳುತ್ತವೆ. ಮನೋವಿಜ್ಞಾನದ ಕೋರ್ಸು ಮುಗಿಸಿ ಬಂದವರನ್ನು ಅರ್ಥಮಿತಿಯ ತರಗತಿಗೆ ಸೇರಿಸಿಕೊಳ್ಳಲು ಅರ್ಥಶಾಸ್ತ್ರದವರು ಹಿಂದೆಮುಂದೆ ನೋಡುತ್ತಾರೆ, ಏಕೆಂದರೆ ಕಲನಶಾಸ್ತ್ರದ ಬಳಕೆ ಅಲ್ಲಿ ಇರುವುದಿಲ್ಲ. ಇದರ ಜೊತೆಗೆ, ವಸ್ತು ಒಂದೇ ಇರುವ ಎರಡು ಕೋರ್ಸುಗಳಿಗೆ ಎರಡು ಬಾರಿ ಕ್ರೆಡಿಟ್ ಕೊಡುವುದಿಲ್ಲವೆಂಬ ನಿಯಮವೂ ಅನೇಕ ಕಡೆ ಇದೆ. ಸುಲಭವಾದದ್ದನ್ನು ಮೊದಲು ಮುಗಿಸಿ ಕಠಿಣವಾದದ್ದನ್ನು ಆಮೇಲೆ ನೋಡೋಣ ಎಂದುಕೊಂಡವರು, ಎರಡನೆಯದಕ್ಕೆ ಅಷ್ಟೇ ದುಡಿದು ಶೂನ್ಯ ಕ್ರೆಡಿಟ್ ಪಡೆದದ್ದನ್ನು ನೋಡಿದ್ದೇನೆ. ಪಟ್ಟಿಯಲ್ಲಿ ‘ಈ ಕೆಳಗಿನ ಕೋರ್ಸು ಮುಗಿಸಿದವರಿಗೆ ಅನ್ವಯಿಸುವುದಿಲ್ಲ’ ಎಂಬ ಸಣ್ಣ ಅಕ್ಷರದ ಸಾಲಿದ್ದರೆ ಅದನ್ನು ಬಿಟ್ಟು ಓದಬೇಡಿ. ಎರಡು ವಿಭಾಗಗಳ ಸಂಕೇತಗಳಡಿ ಒಂದೇ ತರಗತಿ ನಡೆಯುವ ಜಂಟಿ ಕೋರ್ಸುಗಳು ಬೇರೆ ಮಾತು. ಅಲ್ಲಿ ಯಾವ ಸಂಕೇತದಲ್ಲಿ ಹೆಸರು ನೋಂದಾಯಿಸಿದರೆ ನಿಮ್ಮ ಪದವಿಯ ಲೆಕ್ಕಕ್ಕೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ.

ಮನೋವಿಜ್ಞಾನದ ಕೋರ್ಸು ಸುಲಭ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಬೀಜಗಣಿತ ಕಡಿಮೆ, ನಿಜ. ಆದರೆ ಪ್ರಯೋಗದ ವಿನ್ಯಾಸದಲ್ಲಿ ಎಲ್ಲಿ ತಪ್ಪಾಗಿದೆ ಎಂದು ಹುಡುಕುವ ಕೌಶಲವನ್ನು ಅಲ್ಲಿ ಕಲಿಸುವಷ್ಟು ಚೆನ್ನಾಗಿ ಗಣಿತ ವಿಭಾಗದಲ್ಲಿ ಕಲಿಸುವುದಿಲ್ಲ. ನೀವು ಮುಂದೆ ಜನರ ಆಯ್ಕೆ ಮತ್ತು ನಡವಳಿಕೆಗಳ ಮೇಲೆ ಪ್ರಯೋಗ ನಡೆಸುವ ಅರ್ಥಶಾಸ್ತ್ರದ ಕವಲಿಗೆ ಹೋಗುವುದಾದರೆ ಆ ಕೋರ್ಸು ನಿಮಗೆ ನಿಜಕ್ಕೂ ಬೇಕಾಗುತ್ತದೆ, ಆದರೆ ಎರಡನೆಯದಾಗಿ. ಅದೂ ‘ಪ್ರಯೋಗ ವಿಧಾನಗಳು’ ಎಂಬಂಥ ಬೇರೆ ಹೆಸರಿನದನ್ನು ಆರಿಸಿಕೊಂಡರೆ ಕ್ರೆಡಿಟ್ಟಿನ ತಕರಾರೂ ಇರುವುದಿಲ್ಲ. ಸ್ನಾತಕೋತ್ತರ ಅರ್ಥಶಾಸ್ತ್ರದ ಯೋಚನೆ ಇದ್ದರೆ ಸಂಖ್ಯಾಶಾಸ್ತ್ರ ವಿಭಾಗದ ಕೋರ್ಸು, ಅದರ ಹಿಂದೆಯೇ ನಿಮ್ಮ ವಿಭಾಗದ ಅರ್ಥಮಿತಿ, ಸಾಧ್ಯವಾದರೆ ನಡುವೆ ರೇಖೀಯ ಬೀಜಗಣಿತ. ಪದವಿಯೊಂದಿಗೆ ಓದು ನಿಲ್ಲಿಸಿ ಕೆಲಸಕ್ಕೆ ಸೇರುವವರಿಗೆ ಅರ್ಥಶಾಸ್ತ್ರ ವಿಭಾಗದ ಕೋರ್ಸು ಧಾರಾಳವಾಗಿ ಸಾಕು. ಗಣಿತ ವಿಭಾಗದ್ದು ಸೂತ್ರಗಳ ಸಾಧನೆಯಲ್ಲಿ ರುಚಿ ಇರುವವರಿಗೆ. ಜೀವವಿಜ್ಞಾನದ್ದನ್ನು ನೀವು ಬಿಡಬಹುದು.

ತೀರ್ಮಾನಿಸುವ ಮೊದಲು ಒಂದು ಕೆಲಸ ಮಾಡಿ. ಸಂಖ್ಯಾಶಾಸ್ತ್ರ ಮತ್ತು ಅರ್ಥಶಾಸ್ತ್ರ ಎರಡೂ ವಿಭಾಗಗಳ ಕಳೆದ ವರ್ಷದ ಪ್ರಶ್ನೆಪತ್ರಿಕೆಗಳನ್ನು ಗ್ರಂಥಾಲಯದಿಂದಲೋ ಹಿರಿಯ ವಿದ್ಯಾರ್ಥಿಗಳಿಂದಲೋ ಪಡೆದು ಅಕ್ಕಪಕ್ಕ ಇಟ್ಟು ಓದಿ. ಪಠ್ಯಕ್ರಮದ ವಿವರಣೆಯನ್ನು ಸಮಿತಿ ಬರೆಯುತ್ತದೆ, ಪ್ರಶ್ನೆಪತ್ರಿಕೆಯನ್ನು ಪಾಠ ಮಾಡಿದವರು ಬರೆಯುತ್ತಾರೆ. ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಅನುಕಲನಗಳನ್ನು ನೋಡಿ ನಿಮಗೆ ಕೈಕಟ್ಟಿದಂತಾದರೆ ನಿಮ್ಮ ವಿಭಾಗದ ಕೋರ್ಸಿಗೇ ಹೋಗಿ. ಮಾಡಬಲ್ಲೆ ಎನಿಸಿದರೂ ಪೂರ್ವಾರ್ಹತೆಯ ಕಲನಶಾಸ್ತ್ರ ನಿಮ್ಮ ಅಂಕಪಟ್ಟಿಯಲ್ಲಿ ಇಲ್ಲದಿದ್ದರೆ, ಕಚೇರಿಗೆ ಅರ್ಜಿ ಕೊಡುವ ಮೊದಲು ಆ ಕೋರ್ಸಿನ ಅಧ್ಯಾಪಕರನ್ನೇ ಕಾಣಿ. ಪೂರ್ವಾರ್ಹತೆಯನ್ನು ಸಡಿಲಿಸುವ ಅಧಿಕಾರ ಅನೇಕ ಕಡೆ ಅವರಿಗಿರುತ್ತದೆ. ಹಿಂದೆ ಓದಿದ ಗಣಿತದ ವಿವರ ಮತ್ತು ನೀವೇ ಬಿಡಿಸಿದ ಎರಡು ಲೆಕ್ಕಗಳನ್ನು ಜೊತೆಗೆ ಒಯ್ದರೆ ಅವರಿಗೆ ನಿರ್ಧರಿಸುವುದು ಸುಲಭವಾಗುತ್ತದೆ. ಒಪ್ಪಿಗೆ ಸಿಕ್ಕರೆ ಅದನ್ನು ಇಮೇಲಿನಲ್ಲಿ ಬರೆಸಿಕೊಂಡು, ಕೋರ್ಸು ಬದಲಾಯಿಸಲು ಇರುವ ಕೊನೆಯ ದಿನಾಂಕದೊಳಗೆ ಕಚೇರಿಗೆ ತಲುಪಿಸಿ.